ಮುಯ್ಯಾಳು: ಸೂರು ಸೋರಿದರೆ ಊರೇ ಬರುತ್ತಿತ್ತು

ಶಾಸನ ಓದುವ ಹವ್ಯಾಸ ಇರುವವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಹೊಸದಲ್ಲ. ಒಡೆದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವನ್ನೆಲ್ಲ ಸರಿಪಡಿಸುವುದು ಎಂದು ಅದರ ಅರ್ಥ. ರಾಜರು, ದಂಡನಾಯಕರು, ಶೆಟ್ಟರು ಗುಡಿಗೋ ಬಸದಿಗೋ ಭೂಮಿ ಬಿಟ್ಟಾಗ ಪೂಜೆ, ಅನ್ನದಾನದ ಜೊತೆಗೆ ಈ ರಿಪೇರಿ ಖರ್ಚನ್ನೂ ನೆನಪಿಟ್ಟು ಕಲ್ಲಿನಲ್ಲಿ ಬರೆಸುತ್ತಿದ್ದರು. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಗೊಡಗೆ, ಕಟ್ಟುಗೊಡಗೆ ಅಂತ ಹೊಲ ಬಿಡುವ ಪದ್ಧತಿಯೂ ಇತ್ತು. ಕಟ್ಟಿದರೆ ಸಾಲದು, ಕಟ್ಟಿದ್ದನ್ನು ಉಳಿಸಿಕೊಳ್ಳಬೇಕು ಎಂಬ ತಿಳಿವಳಿಕೆ ನಮ್ಮ ಹಿಂದಿನವರಿಗೆ ಚೆನ್ನಾಗಿಯೇ ಇತ್ತು ಅನ್ನುವುದಕ್ಕೆ ಇಷ್ಟು ಸಾಕು.

ಸರಿ, ಗುಡಿ ಸೋರಿದರೆ ಶಾಸನ ಉಂಟು. ಗುಡಿಸಲು ಸೋರಿದರೆ?

ಅದಕ್ಕೆ ಕಲ್ಲು ಕೆತ್ತಿಸುವವರು ಯಾರು! ಮಳೆಗಾಲಕ್ಕೆ ಮುಂಚೆ ಅಕ್ಕಪಕ್ಕದವರು ಬಂದರು, ಹುಲ್ಲು ಹೊದಿಸಿದರು, ಉಂಡರು, ಹೋದರು. ಮುಂದಿನ ವಾರ ಈ ಮನೆಯವನು ಅವರ ಮನೆಗೆ ಹೋದ. ಇದನ್ನು ಯಾರೂ ಬರೆದಿಡಲಿಲ್ಲ. ಆದರೆ ಇದಕ್ಕೆ ಸಾಕ್ಷಿಯಾಗಿ ನಮ್ಮ ಭಾಷೆಯಲ್ಲಿ ಒಂದು ಪದ ಉಳಿದಿದೆ. ಅದೇ ಮುಯ್ಯಿ. ಆ ಪದದ ಹಿಂದೆ ಇರುವ ಚರಿತ್ರೆಯನ್ನು, ನಮ್ಮ ಹಾಸನೂರು ಬೆಟ್ಟದ ಕಡೆಯಿಂದ ನೋಡಿ ಬರೆಯುವ ಪ್ರಯತ್ನ ಇದು.

ಒಂದು ಪದ, ಹಲವು ಲೆಕ್ಕ

ತರಗತಿಯಲ್ಲಿ 'ಮುಯ್ಯಿ ಅಂದರೇನು?' ಎಂದು ಕೇಳಿ ನೋಡಿ. 'ಸೇಡು ಸಾರ್' ಎಂಬ ಉತ್ತರ ಬರುತ್ತದೆ. ಮುಯ್ಯಿಗೆ ಮುಯ್ಯಿ ಎಂಬ ಮಾತು ಸಿನಿಮಾದಿಂದ, ಪೇಪರಿನಿಂದ ಅವರ ಕಿವಿಗೆ ಬಿದ್ದಿರುತ್ತದೆ. ತಪ್ಪಲ್ಲ. ಆದರೆ ಅದು ಅರ್ಧ ಅರ್ಥ. ಇನ್ನರ್ಧ ಅವರ ಅಜ್ಜ ಅಜ್ಜಿಯರಿಗೆ ಗೊತ್ತು. ಮದುವೆಯಲ್ಲಿ ಕೊಡುವ ಉಡುಗೊರೆಯೂ ಮುಯ್ಯಿಯೇ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ನಾಟಿಗೋ, ಕಳೆಗೋ, ಕುಯ್ಲಿಗೋ ಬಂದು ದುಡಿದು, ಅಷ್ಟೇ ದಿನ ಇವರು ಅವರ ಹೊಲಕ್ಕೆ ಹೋಗುವುದೂ ಮುಯ್ಯಿಯೇ. ಹಾಗೆ ಬರುವ ಆಳು ಮುಯ್ಯಾಳು. ಪಡೆದದ್ದನ್ನು ಅದೇ ಅಳತೆಯಲ್ಲಿ ಹಿಂದಿರುಗಿಸುವುದು ಎನ್ನುವುದು ಈ ಪದದ ತಿರುಳು. ಏಟು ಕೊಟ್ಟವನಿಗೆ ಏಟು, ಹೆಗಲು ಕೊಟ್ಟವನಿಗೆ ಹೆಗಲು!

ತಮಿಳಿನ ಬಾಂಧವರಿಗೆ ಇದನ್ನು ವಿವರಿಸುವುದು ಸುಲಭ. ಅವರಲ್ಲಿ 'ಮೊಯ್' ಇದೆ. ಮದುವೆ ಮನೆಯಲ್ಲಿ ನೋಟ್‌ಬುಕ್ ಇಟ್ಟುಕೊಂಡು ಯಾರು ಎಷ್ಟು ಮೊಯ್ ಹಾಕಿದರು ಎಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಶುಭಕಾರ್ಯಕ್ಕೆ ಅದನ್ನು ನೋಡಿಯೇ ಹಿಂದಿರುಗಿಸುತ್ತಾರೆ. ಮುಯ್ಯಿ, ಮೊಯ್ ಎರಡೂ ಕಿವಿಗೆ ಅಕ್ಕತಂಗಿಯರ ಹಾಗೆ ಕೇಳುತ್ತವೆ.

ಮುಯ್ಯಿಯನ್ನು ಸರಿಯಾಗಿ ತಿಳಿಯಬೇಕಾದರೆ ಅದರ ಪಕ್ಕದಲ್ಲಿ ಇನ್ನು ಮೂರು ಪದ ಇಟ್ಟು ನೋಡಬೇಕು. ಕೂಲಿ ಅಂದರೆ ದುಡಿಮೆಗೆ ದುಡ್ಡು. ಸಂಜೆಗೆ ಲೆಕ್ಕ ಮುಗಿಯಿತು. ದಾನ ಅಂದರೆ ಕೊಟ್ಟದ್ದು. ತಿರುಗಿ ಕೇಳುವ ಹಾಗಿಲ್ಲ, ಪಡೆದವನ ಕೈ ಯಾವಾಗಲೂ ಕೆಳಗೆ. ಬಿಟ್ಟಿ ಅಂದರೆ ಬಲವಂತದ ದುಡಿಮೆ. ಇದು ಬಹಳ ಹಳೆಯ ಪದ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಶಾಸನಗಳಲ್ಲೂ ಬರುತ್ತದೆ. ಗೌಡನ ಮನೆ, ಅಧಿಕಾರಿಯ ಬಿಡಾರ ಅಂದರೆ ಬಂದು ಮಾಡಿ ಹೋಗಬೇಕಿತ್ತು. ಮುಯ್ಯಿ ಈ ಮೂರೂ ಅಲ್ಲ. ಇಲ್ಲಿ ಇಬ್ಬರೂ ಸಮ. ಇವತ್ತು ನಾನು ಸಾಲಗಾರ, ನಾಳೆ ನೀನು. ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗುವುದಿಲ್ಲ. ಆಗದೇ ಇರುವುದೇ ಊರನ್ನು ಹಿಡಿದಿಡುವ ಹಗ್ಗ.

ಲೋಕದ ಬೇರೆ ಕಡೆಗಳಲ್ಲೂ ಈ ಹಗ್ಗ ಇದೆ. ಫಿನ್‌ಲ್ಯಾಂಡಿನಲ್ಲಿ ತಾಲ್ಕೋ, ಫಿಲಿಪ್ಪೀನ್ಸಿನಲ್ಲಿ ಬಯನಿಹಾನ್, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಮಿಂಕಾ ಎನ್ನುತ್ತಾರೆ. ಫಿಲಿಪ್ಪೀನ್ಸಿನ ಹಳ್ಳಿಗರು ಬಿದಿರಿನ ಮನೆಯನ್ನೇ ಹೆಗಲ ಮೇಲೆ ಹೊತ್ತು ಬೇರೆ ಜಾಗಕ್ಕೆ ಸಾಗಿಸುವ ಚಿತ್ರವನ್ನು ನೀವು ನೋಡಿರಬಹುದು. ಅಮೆರಿಕದ ಆಮಿಷ್ ಜನ ಒಂದು ದೊಡ್ಡ ಕಣಜದ ಕಟ್ಟಡವನ್ನು ಊರೆಲ್ಲ ಸೇರಿ ಎತ್ತಿ ನಿಲ್ಲಿಸುತ್ತಾರೆ.

ಹುಲ್ಲಿನ ಮನೆಯ ಶಿಸ್ತು

ಈಗ ನಮ್ಮ ಬೆಟ್ಟಕ್ಕೆ ಬರೋಣ. ಸತ್ಯಮಂಗಲದಿಂದ ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವು ಹತ್ತಿದರೆ ಮೇಲೆ ಹಾಸನೂರು. ತಮಿಳು ಫಲಕದಲ್ಲಿ ಆಸನೂರು. ನಮ್ಮ ಜನರ ಬಾಯಲ್ಲೂ 'ಹ' ನಿಲ್ಲುವುದಿಲ್ಲ, ಆದ್ದರಿಂದ ಜಗಳವಿಲ್ಲ! ಇನ್ನೂ ಮುಂದೆ ಹೋದರೆ ಪುಣಜನೂರು, ಚಾಮರಾಜನಗರ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ನಾವೂ ಒಂದೇ ಕೊಯಮತ್ತೂರು ಜಿಲ್ಲೆಯವರು. ರಾಜ್ಯಗಳ ಮರುವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಭಾಗ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ಪೆರಿಯಾರ್ ಜಿಲ್ಲೆ ಮಾಡಿದರು, ಅದೇ 1996ರಲ್ಲಿ ಈರೋಡು ಆಯಿತು. ಗಡಿ ಎಷ್ಟು ಸಲ ಬದಲಾದರೂ ಮನೆ ಕಟ್ಟುವ ರೀತಿ ಮಾತ್ರ ಗಡಿಯ ಎರಡೂ ಕಡೆ ಒಂದೇ ಆಗಿತ್ತು. ಸೋಲಿಗರು, ಊರಾಳಿಗಳು, ಲಿಂಗಾಯತರು, ಒಕ್ಕಲಿಗರು, ದಲಿತರು ಎಲ್ಲರ ಮನೆಗೂ ಮಣ್ಣು, ಬಿದಿರು, ಹುಲ್ಲು ಇವೇ ಮೂಲ ಸಾಮಾನು. ಸ್ಥಿತಿವಂತರಿಗೆ ಮಾತ್ರ ನಾಡಹೆಂಚು.

ಹುಲ್ಲಿನ ಚಾವಣಿಯ ಗುಣ ತಿಳಿಯದೆ ಮುಯ್ಯಾಳಿನ ಗುಟ್ಟು ತಿಳಿಯುವುದಿಲ್ಲ. ಹುಲ್ಲು ಎರಡು ಮೂರು ಮಳೆಗಾಲಕ್ಕೆ ಕೊಳೆಯುತ್ತದೆ. ಮತ್ತೆ ಹೊದಿಸಲೇಬೇಕು. ಅದನ್ನು ಮನೆಯವರೇ ನಿಧಾನವಾಗಿ, ದಿನಕ್ಕಿಷ್ಟು ಎಂದು ಮಾಡುವ ಹಾಗಿಲ್ಲ. ಹಳೆಯ ಹುಲ್ಲು ಕಿತ್ತ ಮೇಲೆ ಮನೆ ಬಯಲು. ಬೆಳಿಗ್ಗೆ ಬಿಚ್ಚಿದ ಮಾಡನ್ನು ಸಂಜೆಯೊಳಗೆ ಮುಚ್ಚಬೇಕು. ರಾತ್ರಿ ಒಂದು ಹದ ಮಳೆ ಬಂತೋ, ಒಳಗಿನ ರಾಗಿ, ಮಣ್ಣಿನ ಗೋಡೆ ಎರಡೂ ಹೋದವು. ಆದ್ದರಿಂದ ಒಬ್ಬ ಹತ್ತು ದಿನ ಮಾಡುವ ಕೆಲಸವನ್ನು ಹತ್ತು ಜನ ಒಂದು ದಿನದಲ್ಲಿ ಮಾಡಲೇಬೇಕಿತ್ತು. ಮುಯ್ಯಾಳು ಹುಟ್ಟಿದ್ದು ಒಳ್ಳೆಯತನದಿಂದ ಅನ್ನುವುದಕ್ಕಿಂತ ಹುಲ್ಲಿನ ಈ ಶಿಸ್ತಿನಿಂದ ಅಂದರೆ ಹೆಚ್ಚು ಸರಿ.

ಕೆಲಸದ ಕ್ರಮವೂ ಹಾಗೇ ಇತ್ತು. ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ ಕಾಡಿನಲ್ಲಿ ಕುಯ್ದು ಕಂತೆ ಕಟ್ಟಿ ತಂದಿಡುವುದು. ಬಿದಿರಿನ ಗಳ ಕಡಿದು, ಸೀಳಿ, ನಾರು ಬಳ್ಳಿ ಸಿದ್ಧ ಮಾಡಿಕೊಳ್ಳುವುದು. ಮುಂಗಾರಿಗೆ ಮುಂಚೆ, ಹೊಲದ ಕೆಲಸ ಇಲ್ಲದ ಒಂದು ದಿನ ಗೊತ್ತು ಮಾಡುವುದು. ಹಿಂದಿನ ಸಂಜೆ ಮನೆಯವರು ಬೀದಿಯಲ್ಲಿ ಹೋಗಿ ಹೇಳಿ ಬರುತ್ತಿದ್ದರು: 'ನಾಳ ನಮ್ಮನಗ ಉಲ್ಲು ಒದಸ್ತೀವಿ, ಒಂದಾಳ ಕಳ್ಸಿ ಕಣಣ್ಣ.' ಅಷ್ಟೇ ಕರೆ. ಬಂದವರಲ್ಲಿ ಕೈ ಪಳಗಿದ ಇಬ್ಬರೋ ಮೂವರೋ ಮಾಡಿನ ಮೇಲೆ. ಉಳಿದವರು ಕೆಳಗಿನಿಂದ ಕಂತೆ ಎಸೆಯುವವರು, ಕಟ್ಟು ಕೊಡುವವರು. ಹೊದಿಕೆ ಕೆಳಗಿನ ಸೂರಿನಿಂದ ಶುರುವಾಗಿ ಸಾಲು ಸಾಲಾಗಿ ಮೇಲಕ್ಕೆ ಹೋಗಬೇಕು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬಿದ್ದಿರಬೇಕು, ಇಲ್ಲದಿದ್ದರೆ ನೀರು ಒಳಗೆ. ಎರಡೂ ಇಳಿಜಾರು ಜೊತೆಜೊತೆಗೆ ಸಾಗಬೇಕು, ಇಲ್ಲದಿದ್ದರೆ ಭಾರ ಒಂದೇ ಕಡೆ. ಕೊನೆಗೆ ನೆತ್ತಿಯ ಕಟ್ಟು. ಹೆಂಗಸರ ಪಾಲಿಗೆ ಗೋಡೆಯ ಬಿರುಕಿಗೆ ಮಣ್ಣು ಮೆತ್ತುವುದು, ನೆಲ ಸಾರಿಸುವುದು, ಅಷ್ಟೂ ಜನಕ್ಕೆ ಹಿಟ್ಟು, ಉಪ್ಪುಸಾರು ಬೇಯಿಸುವುದು. ಮನೆಯವರು ಕೊಡಬೇಕಾದದ್ದು ಊಟ, ಎಲೆ ಅಡಿಕೆ ಮಾತ್ರ.

ನಾಡಹೆಂಚಿನ ಮನೆಗೂ ಇಂಥದೇ ಒಂದು ಕೆಲಸ ಇತ್ತು. ಕೋತಿ ಕುಣಿದು, ಬೆಕ್ಕು ಓಡಾಡಿ, ಗಾಳಿಗೆ ಸರಿದು ಜಾಗ ತಪ್ಪಿದ ಹೆಂಚುಗಳನ್ನು ಮಳೆಗೆ ಮುಂಚೆ ತೆಗೆದು, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು. 'ಹೆಂಚು ಕೈಯಾಡಿಸುವುದು' ಎಂದು ಅದಕ್ಕೆ ಎಷ್ಟು ಚೆಂದದ ಹೆಸರು ನೋಡಿ!

ಸೋಲಿಗರ ಪೋಡುಗಳಲ್ಲಿ ಇದು ಇನ್ನೂ ಗಟ್ಟಿಯಾಗಿತ್ತು. ಬೇಸಾಯದ ಜಾಗ ಬದಲಾದಾಗ ಗುಡಿಸಲೂ ಬದಲಾಗುತ್ತಿದ್ದ ಕಾಲದಲ್ಲಿ ಮನೆ ಕಟ್ಟುವುದು ಜೀವಮಾನದ ಒಂದು ಸಾಹಸ ಆಗಿರಲಿಲ್ಲ, ಮತ್ತೆ ಮತ್ತೆ ಬರುವ ಕೆಲಸ. ಯಜಮಾನ, ಪಟ್ಟಗಾರ, ಚಲವಾದಿ ಎಂದು ಅವರ ಕುಲದ ವ್ಯವಸ್ಥೆಯಲ್ಲೇ ಎಲ್ಲರನ್ನೂ ಸೇರಿಸುವವರು ಇದ್ದರು.

ಹುಲ್ಲು ಕೈ ತಪ್ಪಿದ ಕತೆ

ಹಾಗಾದರೆ ಮುಯ್ಯಾಳು ಏಕೆ ಕಡಿಮೆಯಾಯಿತು? 'ಜನ ಸ್ವಾರ್ಥಿಗಳಾದರು, ಟೀವಿ ಬಂತು' ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮೊದಲು ಹೋದದ್ದು ಮನಸ್ಸಲ್ಲ, ಸಾಮಾನು.

1882ರಲ್ಲಿ ಮದರಾಸ್ ಅರಣ್ಯ ಕಾಯ್ದೆ ಬಂತು. ಬೆಟ್ಟದ ಕಾಡುಗಳು ಒಂದೊಂದಾಗಿ ಮೀಸಲು ಅರಣ್ಯವಾದವು. ಆವರೆಗೆ ಹೋಗಿ ಕುಯ್ದು ತರುತ್ತಿದ್ದ ಹುಲ್ಲು, ಕಡಿದು ತರುತ್ತಿದ್ದ ಬಿದಿರು ಸರ್ಕಾರದ ಸ್ವತ್ತಾದವು. ಅನುಮತಿ ಬೇಕು, ಇಲ್ಲದಿದ್ದರೆ ಅಪರಾಧ. ಮುಯ್ಯಾಳಿಗೆ ಬರುವವನು ತನ್ನ ಕೈಯನ್ನು ಕೊಡಬಲ್ಲ, ಕಾಡಿನ ಪರ್ಮಿಟ್ ಕೊಡಬಲ್ಲನೆ?

ಆಮೇಲೆ ಬೆಂಕಿ. ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲದ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. 1972ರ ವನ್ಯಜೀವಿ ಕಾಯ್ದೆ, 1974ರಲ್ಲಿ ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯ ಆದದ್ದು, ಇವುಗಳಿಂದ ಅಲ್ಲಿ ಅದು ನಿಂತಿತು. ತರಗು ಬೆಂಕಿ ನಿಂತ ಮೇಲೆ ಲಂಟಾನ ಎಲ್ಲೆಲ್ಲೂ ಹಬ್ಬಿತು, ಹುಲ್ಲು ಹೋಯಿತು ಎಂದು ಸೋಲಿಗ ಹಿರಿಯರು ಹೇಳುವುದನ್ನು ಸಂಶೋಧಕರೂ ದಾಖಲಿಸಿದ್ದಾರೆ. ತಮಿಳಿನಲ್ಲಿ ಉಣ್ಣಿಚೆಡಿ ಅನ್ನುವ ಈ ಮುಳ್ಳುಗಿಡ ಹೊರದೇಶದಿಂದ ಅಲಂಕಾರಕ್ಕೆಂದು ಬಂದದ್ದು. ಹಾಸನೂರಿನ ರಸ್ತೆಬದಿಯಲ್ಲಿ ನಿಂತು ನೋಡಿದರೆ ಅದು ಎಷ್ಟು ಜಾಗ ನುಂಗಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಅದರ ಕಡ್ಡಿ ಗೋಡೆಯ ತಡಿಕೆಗೆ ಬರುತ್ತದೆ, ಮಾಡಿಗೆ ಬರುವುದಿಲ್ಲ.

ಮೂರನೆಯದು ಭಯ. 1990ರ ದಶಕದಲ್ಲಿ ವೀರಪ್ಪನ್ ಮತ್ತು ಅವನನ್ನು ಹಿಡಿಯಲು ಬಂದ ಕಾರ್ಯಪಡೆ, ಇವರಿಬ್ಬರ ನಡುವೆ ಬೆಟ್ಟದ ಜನ ಸಿಕ್ಕಿಕೊಂಡರು. ಕಾಡಿಗೆ ಹೋಗುವುದೇ ಅಂಜಿಕೆಯ ಕೆಲಸವಾಯಿತು. ಕಾರ್ಯಪಡೆಯ ಮೇಲೆ ಬಂದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಸದಾಶಿವ ಸಮಿತಿಯನ್ನು ನೇಮಿಸಬೇಕಾಯಿತು. ಆ ಕಾಲದ ಸೋಲಿಗರ ಕಷ್ಟವನ್ನು ಬಾಲಮುರುಗನ್ ಅವರು 2004ರಲ್ಲಿ ಬಂದ 'ಸೋಳಗರ್ ತೊಟ್ಟಿ' ಎಂಬ ತಮಿಳು ಕಾದಂಬರಿಯಲ್ಲಿ ಬರೆದಿದ್ದಾರೆ. ಹತ್ತು ಜನ ಒಟ್ಟಿಗೆ ಕಾಡಿಗೆ ಹೋಗುವುದೇ ಅನುಮಾನಕ್ಕೆ ಕಾರಣವಾಗುವ ಕಾಲದಲ್ಲಿ ಹುಲ್ಲು ತರಲು ಹೋಗುವ ಗುಂಪು ಎಲ್ಲಿಂದ ಬರಬೇಕು?

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನೂ ಸೇರಿಸಿ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಕಾಡಿನ ಜನರಿಗೆ ಕೊಟ್ಟಿತು. ಬಿಳಿಗಿರಿ ಬೆಟ್ಟದ 25 ಪೋಡುಗಳಿಗೆ 2011ರಲ್ಲೇ ಸಮುದಾಯ ಹಕ್ಕುಪತ್ರ ಸಿಕ್ಕಿತು. ತಮಿಳುನಾಡಿನಲ್ಲಿ ಮಾತ್ರ ನ್ಯಾಯಾಲಯದ ತಡೆ ಇದ್ದದ್ದರಿಂದ 2016ರವರೆಗೆ ಹಕ್ಕುಪತ್ರದ ಕೆಲಸ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ, 2013ರಲ್ಲಿ, ನಮ್ಮ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಹುಲ್ಲು ಹೊದಿಸುವುದನ್ನು ಮರೆತ ಮೇಲೆ ಹಕ್ಕು ಬಂತು ಅನ್ನಬಹುದು.

ಹೆಂಚು, ಶೀಟು, ತಾರಸಿ

ಸಾಮಾನು ಹೋದ ಜಾಗಕ್ಕೆ ಬೇರೆ ಸಾಮಾನು ಬಂತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆ ಶುರುವಾಗಿತ್ತು. ಮಂಗಳೂರು ಹೆಂಚು ನಿಧಾನವಾಗಿ ಘಟ್ಟ ಹತ್ತಿತು. ಅದರ ಹಿಂದೆ ತಗಡು, ಸಿಮೆಂಟ್ ಶೀಟು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. ಬಡವನ ತಲೆಯ ಮೇಲೂ ಗಟ್ಟಿ ಚಾವಣಿ ಎನ್ನುವುದು ಆಗಿನಿಂದ ಸರ್ಕಾರದ ಕಾರ್ಯಕ್ರಮ ಆಯಿತು. ತಮಿಳುನಾಡು ಸರ್ಕಾರವೂ 2010ರಲ್ಲಿ ಗುಡಿಸಲುಗಳನ್ನು ತಾರಸಿ ಮನೆ ಮಾಡುವ ಯೋಜನೆ, 2011ರಲ್ಲಿ ಸೌರದೀಪ ಇರುವ 300 ಚದರಡಿಯ ಹಸಿರು ಮನೆ ಯೋಜನೆ ತಂದಿತು. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ ಬಯಲುಸೀಮೆಗೆ 1.20 ಲಕ್ಷ, ಬೆಟ್ಟಗಾಡಿಗೆ 1.30 ಲಕ್ಷ ರೂಪಾಯಿ ಗೊತ್ತು ಮಾಡಿದರು; ಜೊತೆಗೆ ಸ್ವಂತ ಮನೆ ಕಟ್ಟಿಕೊಳ್ಳುವವರಿಗೆ ಉದ್ಯೋಗ ಖಾತ್ರಿಯಲ್ಲಿ 90ರಿಂದ 95 ದಿನದ ಕೂಲಿ.

ಇದೆಲ್ಲ ಒಳ್ಳೆಯದೇ. ಹುಲ್ಲಿನ ಮನೆಯನ್ನು ದೂರದಿಂದ ಹೊಗಳುವುದು ಸುಲಭ. ಒಂದು ಕಿಡಿಗೆ ಬೀದಿಯೇ ಉರಿದುಹೋಗುತ್ತಿದ್ದದ್ದು, ಹಾವು ಚೇಳು ಮಾಡಿನಿಂದ ಬೀಳುತ್ತಿದ್ದದ್ದು ಅದರಲ್ಲಿ ಬದುಕಿದವರಿಗೇ ಗೊತ್ತು. ಯಾರೂ ಮತ್ತೆ ಹುಲ್ಲಿಗೆ ಹೋಗಬೇಕಿಲ್ಲ.

ಆದರೆ ಒಂದು ವಿಷಯ ಗಮನಿಸಿ. ತಾರಸಿಯೂ ಸೋರುತ್ತದೆ. ಹುಲ್ಲು ಎರಡು ಮೂರು ವರ್ಷಕ್ಕೆ ಸೋರಿದರೆ ತಾರಸಿ ಹದಿನೈದು ಇಪ್ಪತ್ತು ವರ್ಷಕ್ಕೆ. ಬಿರುಕಿನಲ್ಲಿ ನೀರು ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿದರೆ ಕಂಬಿ ಉಬ್ಬುತ್ತದೆ, ಕೆಳಗಿನ ಗಾರೆ ಹೆಪ್ಪಳಿಕೆಯಾಗಿ ಮಲಗಿದವರ ಮೇಲೆ ಬೀಳುತ್ತದೆ. ಅದನ್ನು ಸರಿ ಮಾಡಲು ಸಿಮೆಂಟು, ಗಾರೆ ಮೇಸ್ತ್ರಿ, ದುಡ್ಡು ಬೇಕು. ಅಕ್ಕಪಕ್ಕದವರು ಬಂದು ನಿಂತು ನೋಡಬಹುದು, ಅಷ್ಟೇ. ಸರ್ಕಾರದ ಯೋಜನೆಗಳಲ್ಲೂ ಹೊಸ ಮನೆಗೆ ಇರುವ ಉತ್ಸಾಹ ಹಳೆಯದರ ರಿಪೇರಿಗೆ ಇಲ್ಲ. ಇಂದಿರಾ ಆವಾಸ್‌ನಲ್ಲಿ 1999ರಿಂದ ಶೇಕಡಾ 20ರಷ್ಟು ಹಣವನ್ನು ಕಚ್ಚಾ ಮನೆಗಳ ಸುಧಾರಣೆಗೆ ಇಟ್ಟಿದ್ದರು. ತಮಿಳುನಾಡು ಸರ್ಕಾರ 2024ರಲ್ಲಿ ಹಳೆಯ ಸರ್ಕಾರಿ ಮನೆಗಳ ದುರಸ್ತಿಗೆ ಒಂದು ಯೋಜನೆ ಘೋಷಿಸಿತು. ಖಂಡಸ್ಫುಟಿತ ಜೀರ್ಣೋದ್ಧಾರ ಮತ್ತೆ ನೆನಪಾಯಿತು ಎಂದು ಸಂತೋಷಪಡೋಣ.

'ಊರವರ ರಿಪೇರಿ' ಎಂಬ ಕಲ್ಪನೆ ಸರ್ಕಾರಕ್ಕೆ ಹೊಸದೇನೂ ಅಲ್ಲ. ತಮಿಳಿನಲ್ಲಿ ಅದಕ್ಕೆ 'ಕುಡಿಮರಾಮತ್ತು' ಎಂದು ಹೆಸರು. ಕುಡಿ ಅಂದರೆ ಒಕ್ಕಲು, ಮರಾಮತ್ತು ಅಂದರೆ ದುರಸ್ತಿ. ಈ ಎರಡನೆಯ ಪದ ಅರಬ್ಬಿ ಮೂಲದ್ದು, ಕನ್ನಡದಲ್ಲೂ ಮರಾಮತ್ತು ಇಲಾಖೆ ಎಂದು ಇತ್ತಲ್ಲ, ಅದೇ. ಊರ ಕೆರೆ ಕಾಲುವೆಗಳ ಹೂಳನ್ನು ಊರವರೇ ಸೇರಿ ತೆಗೆಯುವ ಪದ್ಧತಿ ಅದು. ಬ್ರಿಟಿಷರು 1858ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿದರು. ರೂಢಿಯ ಪ್ರಕಾರ ಬರಬೇಕಾದವನು ಕೆಲಸಕ್ಕೆ ಬರದಿದ್ದರೆ ಆ ದುಡಿಮೆಯ ಬೆಲೆಯ ಎರಡರಷ್ಟು ದಂಡ! ಮುಯ್ಯಿಯನ್ನು ಪೊಲೀಸರ ಕೈಗೆ ಕೊಟ್ಟರೆ ಅದು ಬಿಟ್ಟಿ ಆಗುವುದು ಹೀಗೆ. 2017ರಲ್ಲಿ ತಮಿಳುನಾಡು ಸರ್ಕಾರ ಅದೇ ಹೆಸರಿನಲ್ಲಿ ಕೆರೆ ದುರಸ್ತಿ ಯೋಜನೆ ಮಾಡಿದಾಗ ರೈತರ ಪಾಲು ಶೇಕಡಾ 10 ಎಂದು ಇಟ್ಟರು, ಅದನ್ನು ದುಡಿಮೆಯ ರೂಪದಲ್ಲೂ ಕೊಡಬಹುದಿತ್ತು. ಕೆರೆಗೆ ಕುಡಿಮರಾಮತ್ತು ಇದೆ, ಮನೆಗೆ ಇಲ್ಲ.

ಮುಯ್ಯಿ ತೀರಿಸಲಾಗದವರು

ಹಳೆಯದನ್ನು ಹೊಗಳುವಾಗ ಅದರ ಹುಳುಕನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಚರಿತ್ರೆ ಆಗುವುದಿಲ್ಲ.

ಮುಯ್ಯಿ ಸಮಾನರ ನಡುವಿನ ವ್ಯವಹಾರ. ಸಮಾನರು ಅಂದರೆ ಯಾರು? ಒಂದೇ ಬೀದಿ, ಹೆಚ್ಚಾಗಿ ಒಂದೇ ಜಾತಿ. ಮೇಲಿನ ಬೀದಿಯವರ ಮಾಡಿಗೆ ಕೆಳಗಿನ ಕೇರಿಯವರು ಹುಲ್ಲು ಹೊತ್ತದ್ದುಂಟು, ಬಿದಿರು ಸೀಳಿದ್ದುಂಟು. ಆದರೆ ಮೇಲಿನ ಬೀದಿಯವರು ಕೇರಿಗೆ ಬಂದು ಅವರ ಮಾಡು ಹತ್ತಿದ್ದುಂಟೆ? ಹಿಂದಿರುಗದ ದುಡಿಮೆಗೆ ಮುಯ್ಯಿ ಎಂಬ ಹೆಸರು ಸಲ್ಲದು, ಅದು ಬಿಟ್ಟಿಯೇ. ಸಾಲಕ್ಕೆ ಸಿಕ್ಕಿ ದುಡಿಯುವವರದು ಜೀತ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಅಂದರೆ ಬಹಳ ಹಿಂದೇನಲ್ಲ.

ಎರಡನೆಯದಾಗಿ, ಮುಯ್ಯಿಗೆ ಮುಯ್ಯಿ ತೀರಿಸಲು ಮನೆಯಲ್ಲಿ ಒಂದು ಗಟ್ಟಿ ಆಳು ಇರಬೇಕು. ಗಂಡ ಸತ್ತ ಹೆಂಗಸು, ಮಕ್ಕಳಿಲ್ಲದ ಮುದುಕರು, ಕಾಯಿಲೆಯವರು ಏನು ಮಾಡಬೇಕು? ಒಳ್ಳೆಯ ಊರಿನಲ್ಲಿ 'ಪಾಪ, ಅವಳಿಗೆ ಯಾರಿದ್ದಾರೆ' ಎಂದು ಹೋಗುತ್ತಿದ್ದರು. ಅದು ಕನಿಕರ, ಹಕ್ಕಲ್ಲ. ಕನಿಕರ ಬಾರದ ವರ್ಷ ಅವಳ ಮಾಡು ಸೋರುತ್ತಲೇ ಇರುತ್ತಿತ್ತು. ಯಾರಿಗೆ ನೆರೆಹೊರೆಯ ಕೈ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಮುಯ್ಯಿಯ ಲೆಕ್ಕದಿಂದ ಹೊರಗೆ. ಇದು ಹಳೆಯ ಪದ್ಧತಿಯ ದೊಡ್ಡ ಕೊರತೆ ಎಂದು ನನ್ನ ಭಾವನೆ.

ಈ ಕೊರತೆಯನ್ನು ತುಂಬಿದವರ ಉದಾಹರಣೆಗಳು ನಮ್ಮ ಹಾಗೆಯೇ ಗಡಿಯಲ್ಲಿರುವ ಕನ್ನಡಿಗರಲ್ಲಿ ಇವೆ ಎನ್ನುವುದು ಹೆಮ್ಮೆಯ ಸಂಗತಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕಿಳಿಂಗಾರು ಎಂಬ ಊರಿದೆ. ಅಲ್ಲಿಯ ಕೃಷಿಕರಾದ ಗೋಪಾಲಕೃಷ್ಣ ಭಟ್ಟರನ್ನು ಜನ ಕರೆಯುತ್ತಿದ್ದದ್ದು ಸಾಯಿರಾಂ ಭಟ್ ಎಂದು. ಅವರು ಕಾಶಿಯಾತ್ರೆಗೆಂದು ದುಡ್ಡು ಕೂಡಿಟ್ಟಿದ್ದರು. 1995ರ ಮಳೆಗೆ ಒಬ್ಬ ಕೂಲಿಕಾರರ ಗುಡಿಸಲು ಬಿತ್ತು. ಅವರು ಬೇರೆ ಮತದವರು. ಭಟ್ಟರು ಕಾಶಿಯ ದುಡ್ಡಿನಲ್ಲಿ ಅವರಿಗೆ ಮನೆ ಕಟ್ಟಿಕೊಟ್ಟರು. ಅಲ್ಲಿಂದ ಶುರುವಾದದ್ದು 2022ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 260ಕ್ಕೂ ಹೆಚ್ಚು ಮನೆಗಳಾಗಿತ್ತು. ಪಡೆದವರು ಹಿಂದಿರುಗಿಸಬೇಕೆಂಬ ನಿಯಮವಿಲ್ಲ. ಜಾತಿ ಮತ ಕೇಳಲಿಲ್ಲ. ಮುಯ್ಯಿ ತೀರಿಸಲಾಗದವರ ಪಟ್ಟಿಯನ್ನೇ ಅವರು ಹಿಡಿದುಕೊಂಡರು.

ಆದರೆ ಎಲ್ಲ ಊರಿಗೂ ಒಬ್ಬ ಸಾಯಿರಾಂ ಭಟ್ಟರು ಸಿಗುವುದಿಲ್ಲ. ಸಾಮಾನ್ಯರು ಸೇರಿ ಮಾಡಬಹುದಾದ ದಾರಿಯೂ ಬೇಕು. ಅದಕ್ಕೆ ದಕ್ಷಿಣ ಕನ್ನಡದ ಇನ್ನೊಂದು ಪ್ರಯೋಗ ನೋಡಬಹುದು. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು 1990ರ ದಶಕದಲ್ಲಿ 'ಪ್ರಗತಿಬಂಧು' ಗುಂಪುಗಳನ್ನು ಮಾಡಿದರು. ಕೆಲವೇ ಸಣ್ಣ ರೈತರ ಒಂದು ಗುಂಪು. ವಾರಕ್ಕೆ ಒಂದು ದಿನ ಎಲ್ಲರೂ ಸೇರಿ ಒಬ್ಬ ಸದಸ್ಯನಲ್ಲಿ ಕೂಲಿಯಿಲ್ಲದೆ ದುಡಿಯುವುದು, ಮುಂದಿನ ವಾರ ಇನ್ನೊಬ್ಬನಲ್ಲಿ. ಇದಕ್ಕೆ ಶ್ರಮ ವಿನಿಮಯ ಎಂದು ಹೆಸರಿಟ್ಟರು. ನಮ್ಮ ಕಡೆಯವರು ಕೇಳಿದರೆ 'ಇದು ಮುಯ್ಯಾಳಲ್ವಾ!' ಅಂದಾರು. ಅದೇ ಹೌದು. ವ್ಯತ್ಯಾಸ ಏನೆಂದರೆ ದಿನ ಗೊತ್ತಾಗಿದೆ, ಪುಸ್ತಕದಲ್ಲಿ ಲೆಕ್ಕ ಇದೆ. 2020ರಲ್ಲಿ ಅದೇ ಸಂಸ್ಥೆ 'ಶೌರ್ಯ' ಎಂಬ ಸ್ವಯಂಸೇವಕರ ಘಟಕಗಳನ್ನು ಕಟ್ಟಿತು. ಮಳೆಗಾಲದಲ್ಲಿ ಮನೆಯ ಮೇಲೆ ಬಿದ್ದ ಮರ ತೆಗೆಯುವುದು, ದಿಕ್ಕಿಲ್ಲದವರ ಮನೆಯ ಚಾವಣಿ ಸರಿಪಡಿಸುವುದು ಅವರ ಕೆಲಸಗಳಲ್ಲಿ ಸೇರಿವೆ. ಈ ಎರಡನ್ನೂ ಜೋಡಿಸಿ ನೋಡಿ: ಕೈ ಇರುವವರ ನಡುವೆ ವಿನಿಮಯ, ಕೈ ಇಲ್ಲದವರಿಗೆ ಎಲ್ಲರ ಕೈ.

2018ರ ಆಗಸ್ಟಿನ ಪ್ರವಾಹದ ನಂತರ ಕೇರಳದ ಕುಟ್ಟನಾಡಿನಲ್ಲಿ ಸಾವಿರಾರು ಜನ ಹೋಗಿ ಗುರುತಿಲ್ಲದವರ ಮನೆಯ ಕೆಸರು ತೊಳೆದರು. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು 1969ರಿಂದ, ಅಂದರೆ ಗಾಂಧೀಜಿ ಜನ್ಮಶತಾಬ್ದಿಯ ವರ್ಷದಿಂದ, ಹಳ್ಳಿಗಳಲ್ಲಿ ಶ್ರಮದಾನ ಮಾಡುತ್ತಿದ್ದಾರೆ. ಕೈಗಳಿಗೆ ಬರ ಬಂದಿಲ್ಲ. ಅವುಗಳನ್ನು ಕರೆಯುವ ಪದ್ಧತಿ ಬೇಕು.

ತಾರಸಿಗೂ ಮುಯ್ಯಾಳು

ಇನ್ನು ನಮ್ಮ ಬೆಟ್ಟದ ಮಾತು. ತಲಮಲೆ, ಗೇರ್ಮಾಳ, ಕೋಟಾಡೆ, ಕಾಳಿದಿಂಬ ಇಂಥ ಹಳ್ಳಿಗಳಿಗೆ ಮೇಸ್ತ್ರಿಯನ್ನು ಕರೆತರುವುದೇ ಒಂದು ಖರ್ಚು. ನಮಗೆ ಮುಂಗಾರೂ ಬರುತ್ತದೆ, ಐಪ್ಪಸಿ ಕಾರ್ತಿಕದ ಮಳೆಯೂ ಬರುತ್ತದೆ. ತಾರಸಿಗೆ ವರ್ಷಕ್ಕೆ ಎರಡು ಪರೀಕ್ಷೆ.

ತಾರಸಿ ರಿಪೇರಿಗೆ ಮೇಸ್ತ್ರಿ ಬೇಕು ಅಂದೆ. ಆದರೆ ತಾರಸಿ ಹಾಳಾಗದ ಹಾಗೆ ನೋಡಿಕೊಳ್ಳಲು ಮೇಸ್ತ್ರಿ ಬೇಡ. ಮೇಲೆ ಬಿದ್ದ ಎಲೆ ಗುಡಿಸಬೇಕು. ನೀರು ಹೋಗುವ ಕೊಳವೆಯ ಬಾಯಿ ಬಿಡಿಸಬೇಕು. ಬಿರುಕಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಬೆರಳುದ್ದ ಇರುವಾಗಲೇ ಕೀಳಬೇಕು. ಅದು ಮರವಾದರೆ ಮನೆ ಹೋಯಿತು ಎಂದೇ ಲೆಕ್ಕ. ಕೂದಲೆಳೆಯ ಬಿರುಕಿಗೆ ಸಿಮೆಂಟ್ ಹಾಲು ಹುಯ್ಯಬೇಕು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯಬೇಕು. ಐದು ಜನ ಅರ್ಧ ದಿನದಲ್ಲಿ ಮಾಡುವ ಕೆಲಸ. ಆದರೆ ಎಪ್ಪತ್ತು ವರ್ಷದ ಅಜ್ಜಿ ತಾರಸಿ ಹತ್ತಲಾರಳು. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಹಬ್ಬಕ್ಕೆ ಬಂದಾಗ ಗೋಡೆಗೆ ಸುಣ್ಣ ಹೊಡೆದು ಹೋಗುತ್ತಾನೆ, ಮೇಲೆ ಹತ್ತಿ ನೋಡುವುದಿಲ್ಲ.

ಚಿತ್ರೆ ತಿಂಗಳಲ್ಲಿ ಒಂದು ಭಾನುವಾರ, ಪುರಟ್ಟಾಸಿಯಲ್ಲಿ ಒಂದು ಭಾನುವಾರ. ಬೀದಿಯ ಯುವಕರು ಒಂದೊಂದೇ ತಾರಸಿ ಹತ್ತಿ ಇಳಿಯಲಿ. ಮೊದಲು ಕೇರಿಯಿಂದ, ಮೊದಲು ಒಂಟಿ ಹೆಂಗಸರ, ಮುದುಕರ ಮನೆಯಿಂದ. ಹಳೆಯ ಮುಯ್ಯಿಯಲ್ಲಿ ಕಡೆಗೆ ಉಳಿಯುತ್ತಿದ್ದವರು ಇದರಲ್ಲಿ ಮೊದಲು ಬರಬೇಕು. ಮೇಸ್ತ್ರಿಯ ಕೆಲಸ ಬೇಕಾದ ಮನೆಗಳ ಪಟ್ಟಿ ಅದೇ ದಿನ ತಯಾರಾಗುತ್ತದೆ. ಅದನ್ನು ಗ್ರಾಮಸಭೆಯಲ್ಲಿ ಇಟ್ಟರೆ ದುರಸ್ತಿ ಯೋಜನೆಯ ಹಣ ಕೇಳಲು ದಾಖಲೆ ಸಿಕ್ಕ ಹಾಗಾಯಿತು. ಪಂಚಾಯಿತಿ ಮಾಡಬೇಕಾದದ್ದನ್ನು ಹುಡುಗರ ಹೆಗಲಿಗೆ ದಾಟಿಸುವ ಉಪಾಯ ಇದಾಗಬಾರದು. ಕಂಬಿ ಸಿಮೆಂಟಿನ ಹೊಣೆ ಸರ್ಕಾರದ್ದು, ಕಣ್ಣಿಟ್ಟು ನೋಡುವ ಹೊಣೆ ಊರಿನದು.

ಮೇಲೆ ಹತ್ತಿದವರಿಗೆ ಅಜ್ಜಿ ಏನು ಹಿಂದಿರುಗಿಸುತ್ತಾಳೆ ಎಂದು ಕೇಳಬೇಡಿ. ಅವಳು ಯಾರ ಮನೆಯ ನೆಲ ಸಾರಿಸಿದ್ದಳು, ಯಾರ ಬಾಣಂತನ ಮಾಡಿದ್ದಳು, ಯಾರ ಮುಯ್ಯಿಗೆ ಹಿಟ್ಟು ಬೇಯಿಸಿದ್ದಳು ಎನ್ನುವುದನ್ನು ಬೀದಿಯ ಹಿರಿಯರಲ್ಲಿ ವಿಚಾರಿಸಿ. ಅವಳದು ಮುಂಗಡ ಜಮಾ ಆಗಿದೆ, ನಾವು ಅದನ್ನು ತೀರಿಸುತ್ತಿದ್ದೇವೆ ಅಷ್ಟೇ.

ನಿಮ್ಮ ಕಡೆ ಇದಕ್ಕೆ ಏನೆಂದು ಹೆಸರು? ಮುಯ್ಯಾಳೋ, ಮುಯ್ಯಿಯೋ, ಬೇರೆ ಮಾತೋ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆದು ತಿಳಿಸಿ. ಹುಲ್ಲು ಹೊದಿಸಿದ ಕೈಗಳು ಇನ್ನೂ ಕೆಲವು ಉಳಿದಿವೆ. ಅವರಿಂದ ತಿಳಿಯಬೇಕಾದದ್ದನ್ನು ಈಗಲೇ ತಿಳಿದುಕೊಳ್ಳೋಣ.